ಅಯಾನೀಕರಣದ ಖರ್ಚನ್ನು ಭರಿಸುವವರು ಯಾರು?

ಹೈಸ್ಕೂಲಿನ ವಿಜ್ಞಾನ ಪುಸ್ತಕಗಳಲ್ಲಿ ಅಯಾನುಗಳ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಅಣುಗಳ, ಪಾಠ ಸಾಮಾನ್ಯವಾಗಿ ಸೋಡಿಯಂನಿಂದ ಶುರುವಾಗುತ್ತದೆ. ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ ಒಂದೇ ಒಂದು ಎಲೆಕ್ಟ್ರಾನ್ ಇದೆ, ಅದನ್ನು ಕಳೆದುಕೊಂಡರೆ ನಿಯಾನ್‌ನಂತೆ ಭರ್ತಿಯಾದ ಕವಚ ಉಳಿಯುತ್ತದೆ, ಆದ್ದರಿಂದ ಸೋಡಿಯಂ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಸ್ಥಿರವಾಗುತ್ತದೆ ಎಂಬುದು ಅಲ್ಲಿ ಸಿಗುವ ವಿವರಣೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಇದನ್ನು ಓದಿದ ವಿದ್ಯಾರ್ಥಿಯ ಮನಸ್ಸಿನಲ್ಲಿ, ಸೋಡಿಯಂ ಆ ಎಲೆಕ್ಟ್ರಾನನ್ನು ಯಾವಾಗ ಕಳಚಿಕೊಂಡೇನೋ ಎಂದು ಕಾದು ಕುಳಿತಿದೆ ಎಂಬ ಚಿತ್ರ ಮೂಡುತ್ತದೆ, ಮತ್ತು ಆ ಚಿತ್ರ ತಪ್ಪು. ಒಂಟಿಯಾಗಿರುವ ಸೋಡಿಯಂ ಪರಮಾಣು ತಾನಾಗಿ ಎಲೆಕ್ಟ್ರಾನನ್ನು ಬಿಡುವುದೇ ಇಲ್ಲ, ಏಕೆಂದರೆ ನ್ಯೂಕ್ಲಿಯಸ್‌ನ ಧನಾವೇಶ ಅದನ್ನು ತನ್ನತ್ತ ಸೆಳೆದು ಹಿಡಿದಿರುತ್ತದೆ. ಅನಿಲ ರೂಪದಲ್ಲಿರುವ ಒಂದು ಮೋಲ್ (ಕಣಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಒಂದು ನಿಗದಿತ, ಬಹು ದೊಡ್ಡ ಸಂಖ್ಯೆ) ಸೋಡಿಯಂನ, ಅಂದರೆ ಸುಮಾರು 23 ಗ್ರಾಂನ, ಪ್ರತಿ ಪರಮಾಣುವಿನಿಂದಲೂ ಒಂದೊಂದು ಎಲೆಕ್ಟ್ರಾನನ್ನು ಕಿತ್ತು ದೂರ ಒಯ್ಯಲು 496 ಕಿಲೋಜೂಲ್ ಶಕ್ತಿ ಬೇಕು. ಅಷ್ಟು ಶಕ್ತಿಯಲ್ಲಿ ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು.

ಅಯಾನೀಕರಣವೆಂದರೆ ಮೂಲತಃ ಧನ ಮತ್ತು ಋಣ ಆವೇಶಗಳನ್ನು ಒಂದರಿಂದೊಂದು ಬೇರ್ಪಡಿಸುವ ಕೆಲಸ, ಮತ್ತು ಆ ಕೆಲಸ ಎಂದೂ ಪುಕ್ಕಟೆಯಾಗಿ ಆಗುವುದಿಲ್ಲ. ಆದ್ದರಿಂದ ಪರಮಾಣುವಾಗಲಿ, ಆಮ್ಲವಾಗಲಿ, ಪ್ರತ್ಯಾಮ್ಲವಾಗಲಿ, ಅದು ಅಯಾನೀಕರಣಗೊಂಡಿದೆ ಎಂದು ಕೇಳಿದಾಗಲೆಲ್ಲ ಜಮಾಖರ್ಚಿನ ಪುಸ್ತಕ ತೆರೆದು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಬೇರ್ಪಡಿಸಲು ತಗುಲಿದ ಶಕ್ತಿಯನ್ನು ಯಾರು ಕೊಟ್ಟರು? ಬೇರ್ಪಟ್ಟವು ಮರಳಿ ಕೂಡದಂತೆ ತಡೆದದ್ದು ಯಾವುದು?

ಮೊದಲು ಪರಮಾಣುವಿನ ಮಟ್ಟದಲ್ಲೇ ಲೆಕ್ಕ ನೋಡೋಣ. ಅನಿಲ ಸ್ಥಿತಿಯ ಪರಮಾಣುವಿನಿಂದ ಅತ್ಯಂತ ಸಡಿಲವಾಗಿರುವ ಎಲೆಕ್ಟ್ರಾನನ್ನು ತೆಗೆಯಲು ಬೇಕಾಗುವ ಶಕ್ತಿಗೆ ಮೊದಲ ಅಯಾನೀಕರಣ ಶಕ್ತಿ ಎನ್ನುತ್ತಾರೆ. ಒಂದು ಮೋಲ್‌ಗೆ ಸೀಸಿಯಂನಲ್ಲಿ ಅದು 376 ಕಿಲೋಜೂಲ್, ಹೈಡ್ರೋಜನ್‌ನಲ್ಲಿ 1312, ಹೀಲಿಯಂನಲ್ಲಿ 2372. ಸೀಸಿಯಂನ ಹೊರ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ಬಹು ದೂರದಲ್ಲಿದ್ದು, ನಡುವೆ ಇರುವ ಇತರ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್‌ನ ಸೆಳೆತವನ್ನು ಬಹುಮಟ್ಟಿಗೆ ಮರೆಮಾಡುವುದರಿಂದ ಅದನ್ನು ತೆಗೆಯುವುದು ಅಷ್ಟು ಸುಲಭ. ಹೀಲಿಯಂನಲ್ಲಿ ಆ ದೂರವೂ ಇಲ್ಲ, ಆ ಮರೆಯೂ ಇಲ್ಲ. ಸೋಡಿಯಂನ ಮೊದಲ ಎಲೆಕ್ಟ್ರಾನಿಗೆ 496 ಕಿಲೋಜೂಲ್ ಸಾಕಾದರೆ ಎರಡನೆಯದಕ್ಕೆ 4562 ಬೇಕು, ಅಂದರೆ ಒಂಬತ್ತು ಪಟ್ಟಿಗೂ ಹೆಚ್ಚು. ಮೆಗ್ನೀಸಿಯಂನಲ್ಲಿ ಮೊದಲನೆಯದಕ್ಕೆ 738, ಎರಡನೆಯದಕ್ಕೆ 1451, ಮೂರನೆಯದಕ್ಕೆ ಒಮ್ಮೆಲೇ 7733. ಈ ದಿಢೀರ್ ಏರಿಕೆ ಎಲ್ಲಿ ಬರುತ್ತದೋ ಅಲ್ಲಿಗೆ ಹೊರಕವಚ ಬರಿದಾಗಿ, ಒಳಗಿನ ಬಿಗಿಯಾದ ಕವಚಕ್ಕೆ ಕೈಹಾಕಿದಂತಾಯಿತು. ರಾಸಾಯನಿಕ ಕ್ರಿಯೆಗಳಲ್ಲಿ ಸಾಮಾನ್ಯವಾಗಿ ಬಿಡುಗಡೆಯಾಗುವ ಶಕ್ತಿ ಮೊದಲಿನ ಸಣ್ಣ ಮೊತ್ತಗಳನ್ನು ತೀರಿಸಬಲ್ಲದು, ಏರಿಕೆಯ ನಂತರದ ಮೊತ್ತವನ್ನು ತೀರಿಸಲಾರದು. ಸೋಡಿಯಂ ಒಂದು ಎಲೆಕ್ಟ್ರಾನಿಗೂ ಮೆಗ್ನೀಸಿಯಂ ಎರಡಕ್ಕೂ ನಿಲ್ಲುವುದು ಇದರಿಂದ. ಎಂಟು ಎಲೆಕ್ಟ್ರಾನುಗಳ ನಿಯಮವೆಂದು ನಾವು ಬಾಯಿಪಾಠ ಮಾಡುವುದು ಈ ಲೆಕ್ಕದ ಫಲಿತಾಂಶ. ಅದನ್ನೇ ಕಾರಣವೆಂದು ಹೇಳುವುದು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದಂತೆ.

ಹಾಗಾದರೆ ಅಡುಗೆಉಪ್ಪಿನಲ್ಲಿ ಸೋಡಿಯಂನ ಖರ್ಚನ್ನು ಯಾರು ತೀರಿಸಿದರು? ಕ್ಲೋರಿನ್ ಎಂದು ಉತ್ತರಿಸುವವರೇ ಹೆಚ್ಚು. ಕ್ಲೋರಿನ್ ಪರಮಾಣು ಎಲೆಕ್ಟ್ರಾನನ್ನು ಸ್ವೀಕರಿಸುವಾಗ ಶಕ್ತಿ ಹೊರಬರುವುದು ನಿಜ, ಆದರೆ ಅದು ಒಂದು ಮೋಲ್‌ಗೆ 349 ಕಿಲೋಜೂಲ್ ಮಾತ್ರ. 496ರಲ್ಲಿ 349 ಕಳೆದರೆ ಇನ್ನೂ 147 ಕಿಲೋಜೂಲ್ ಬಾಕಿ ಉಳಿಯುತ್ತದೆ. ದೂರದೂರದಲ್ಲಿರುವ ಒಂದು ಸೋಡಿಯಂ ಮತ್ತು ಒಂದು ಕ್ಲೋರಿನ್ ಪರಮಾಣುವಿನ ನಡುವೆ ಎಲೆಕ್ಟ್ರಾನ್ ವರ್ಗಾವಣೆ ನಷ್ಟದ ವ್ಯವಹಾರವೇ. ಬಾಕಿ ತೀರುವುದು ಆ ಅಯಾನುಗಳು ಹತ್ತಿರ ಬಂದು, ಪ್ರತಿಯೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿಯೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ ಎಂಬಂತೆ ಹರಳಿನಲ್ಲಿ ಜೋಡಣೆಯಾದಾಗ. ಆ ಜೋಡಣೆಯಲ್ಲಿ ಹೊರಬರುವ ಶಕ್ತಿ ಒಂದು ಮೋಲ್‌ಗೆ ಸುಮಾರು 787 ಕಿಲೋಜೂಲ್. ಸೋಡಿಯಂ ಲೋಹವನ್ನು ಆವಿಯಾಗಿಸುವ ಖರ್ಚು, ಕ್ಲೋರಿನ್ ಅಣುವನ್ನು ಒಡೆಯುವ ಖರ್ಚು ಎಲ್ಲವನ್ನೂ ಕಳೆದ ಮೇಲೂ ಸುಮಾರು 411 ಕಿಲೋಜೂಲ್ ಉಳಿತಾಯವಾಗುತ್ತದೆ.

ಈ ಹರಳನ್ನು ನೀರಿಗೆ ಹಾಕಿದರೆ ಅದು ಕರಗುತ್ತದೆ, ಅಂದರೆ ಆ 787 ಕಿಲೋಜೂಲನ್ನು ಮತ್ತೆ ಯಾರೋ ಹಿಂದಿರುಗಿಸಬೇಕು. ಈ ಬಾರಿ ಹಣ ಕಟ್ಟುವುದು ನೀರು. ನೀರಿನ ಅಣು ನೆಟ್ಟಗಿಲ್ಲದೆ ಬಾಗಿರುವುದರಿಂದ ಅದರ ಆಕ್ಸಿಜನ್ ತುದಿ ತುಸು ಋಣವಾಗಿಯೂ ಹೈಡ್ರೋಜನ್ ತುದಿಗಳು ತುಸು ಧನವಾಗಿಯೂ ಇರುತ್ತವೆ. ಸೋಡಿಯಂ ಅಯಾನಿನ ಸುತ್ತ ಆಕ್ಸಿಜನ್ ಒಳಮುಖವಾಗಿ, ಕ್ಲೋರೈಡಿನ ಸುತ್ತ ಹೈಡ್ರೋಜನ್ ಒಳಮುಖವಾಗಿ ನೀರಿನ ಅಣುಗಳು ಮುತ್ತಿಕೊಂಡಾಗ ಶಕ್ತಿ ಬಿಡುಗಡೆಯಾಗುತ್ತದೆ, ಮತ್ತು ಆ ಮೊತ್ತ ಹರಳನ್ನು ಒಡೆಯಲು ಬೇಕಾದದ್ದಕ್ಕೆ ಹೆಚ್ಚುಕಡಿಮೆ ಸರಿಸಮವಾಗಿರುತ್ತದೆ. ಒಂದು ಮೋಲ್‌ಗೆ ಕೇವಲ 4 ಕಿಲೋಜೂಲ್‌ನಷ್ಟು ಕೊರತೆ ಬೀಳುವುದರಿಂದ ಉಪ್ಪು ಕರಗಿದ ನೀರು ತುಸುವೇ ತಣ್ಣಗಾಗುತ್ತದೆ. ಎರಡನೆಯ ಪ್ರಶ್ನೆಗೂ ನೀರೇ ಉತ್ತರ. ನಿರ್ವಾತದಲ್ಲಿ ಎರಡು ಆವೇಶಗಳ ನಡುವೆ ಇರುವ ಸೆಳೆತವನ್ನು ನೀರು ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಸುವುದರಿಂದ, ಬೇರಾದ ಅಯಾನುಗಳು ಮತ್ತೆ ಒಂದನ್ನೊಂದು ಹಿಡಿಯುವ ಸಂಭವ ಕಡಿಮೆ. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಉಪ್ಪಿನ ವಿಷಯದಲ್ಲಿ ನೀರು ಅಯಾನುಗಳನ್ನು ಹೊಸದಾಗಿ ಹುಟ್ಟಿಸಲಿಲ್ಲ, ಹರಳಿನಲ್ಲಿ ಮೊದಲೇ ಇದ್ದವನ್ನು ಬಿಡಿಸಿತು. ಇದಕ್ಕೆ ವಿಯೋಜನೆ ಎಂಬ ಹೆಸರೇ ಹೆಚ್ಚು ಸರಿ.

ಕರಗಿದ ಉಪ್ಪು ತಾನಾಗಿಯೇ ಅಯಾನುಗಳಾಗಿ ಬೇರ್ಪಟ್ಟಿರುತ್ತದೆ ಎಂಬ ವಿಚಾರವನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಬೆಳೆಸಿದ್ದು 1880ರ ದಶಕದಲ್ಲಿ. ಅದಕ್ಕೆ ತಳಹದಿಯಾದ ಅವರ 1884ರ ಪ್ರಬಂಧಕ್ಕೆ ಉಪ್ಸಲಾ ವಿಶ್ವವಿದ್ಯಾಲಯ ಕೆಳದರ್ಜೆಯನ್ನಷ್ಟೇ ಕೊಟ್ಟಿತು. ಅದೇ ಸಿದ್ಧಾಂತಕ್ಕೆ 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಆಗಿನ ಆಕ್ಷೇಪಣೆ ಇಂದಿನ ಬುದ್ಧಿವಂತ ವಿದ್ಯಾರ್ಥಿಯೂ ಎತ್ತುವಂಥದ್ದೇ: ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಕ್ಲೋರಿನ್ ವಿಷದ ಗಾಳಿ, ಇವೆರಡೂ ಬಿಡಿಬಿಡಿಯಾಗಿ ಉಪ್ಪುನೀರಿನಲ್ಲಿ ಇರುವುದು ಹೇಗೆ? ಎಲೆಕ್ಟ್ರಾನಿನ ಪತ್ತೆಯೇ ಆಗಿರದ ಆ ಕಾಲದಲ್ಲಿ ಇದಕ್ಕೆ ಮನವೊಪ್ಪುವ ಉತ್ತರ ಕೊಡುವುದು ಕಷ್ಟವಾಗಿತ್ತು. ಸೋಡಿಯಂ ಅಯಾನು ತನ್ನ 496 ಕಿಲೋಜೂಲ್‌ನ ಖರ್ಚನ್ನು ಹಿಂದೆಯೇ ಮುಗಿಸಿರುವ, ಸೋಡಿಯಂ ಪರಮಾಣುವಿಗಿಂತ ಗುಣದಲ್ಲಿ ತೀರಾ ಬೇರೆಯಾದ ವಸ್ತು ಎಂದು ಇಂದು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು.

ಆಮ್ಲಗಳ ಕಥೆ ಬೇರೆ. ಹೈಡ್ರೋಜನ್ ಕ್ಲೋರೈಡ್ ಅನಿಲದಲ್ಲಿ ಅಯಾನುಗಳೇ ಇಲ್ಲ. ಅಲ್ಲಿರುವುದು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡ ಅಣುಗಳು. ಆ ಅಣುವನ್ನು ಹೈಡ್ರೋಜನ್ ಅಯಾನು ಮತ್ತು ಕ್ಲೋರೈಡ್ ಅಯಾನಾಗಿ ಸೀಳಬೇಕಾದರೆ ಏನೇನು ಖರ್ಚಾಗುತ್ತದೆ ಎಂದು ಕೂಡಿಸಿ ನೋಡಬಹುದು. ಬಂಧವನ್ನು ಮುರಿಯಲು 431 ಕಿಲೋಜೂಲ್, ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ತೆಗೆಯಲು 1312, ಅದನ್ನು ಕ್ಲೋರಿನ್ನಿಗೆ ಕೊಟ್ಟಾಗ ಮರಳಿ ಬರುವುದು 349. ನಿವ್ವಳ ಖರ್ಚು 1394 ಕಿಲೋಜೂಲ್. ಯಾವ ಸಾಮಾನ್ಯ ತಾಪದಲ್ಲೂ ಈ ಅನಿಲ ತಾನಾಗಿ ಅಯಾನೀಕರಣಗೊಳ್ಳುವ ಮಾತೇ ಇಲ್ಲ. ಆದರೂ ಅದನ್ನು ನೀರಿಗೆ ಹಾಯಿಸಿದ ಕೂಡಲೇ ಹೆಚ್ಚುಕಡಿಮೆ ಎಲ್ಲ ಅಣುಗಳೂ ಅಯಾನುಗಳಾಗುತ್ತವೆ, ಮೇಲಿನಿಂದ ನೀರು ಬಿಸಿಯೂ ಆಗುತ್ತದೆ. ಒಂದು ಮೋಲ್ ಅನಿಲ ಕರಗಿದಾಗ ಹೊರಬರುವ ಬಿಸಿ ಸುಮಾರು 75 ಕಿಲೋಜೂಲ್. ಹಾಗಾದರೆ ನೀರು ಆ ಎರಡು ಅಯಾನುಗಳನ್ನು ಸುತ್ತುವರಿಯುವಾಗ ಕೊಟ್ಟ ಶಕ್ತಿ 1394ಕ್ಕೆ 75 ಸೇರಿಸಿದಷ್ಟು, ಅಂದರೆ 1469 ಕಿಲೋಜೂಲ್ ಆಗಿರಲೇಬೇಕು. ಇದರಲ್ಲಿ ಬಹುಪಾಲು ಹೈಡ್ರೋಜನ್ ಅಯಾನಿನ ಲೆಕ್ಕಕ್ಕೆ ಸೇರುತ್ತದೆ.

ಅಷ್ಟೊಂದು ಶಕ್ತಿ ಏಕೆ ಬರುತ್ತದೆ ಎಂಬುದರಲ್ಲೇ ಆಮ್ಲದ ಗುಟ್ಟಿದೆ. ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಅದನ್ನು ತೆಗೆದರೆ ಯಾವ ಎಲೆಕ್ಟ್ರಾನ್ ಹೊದಿಕೆಯೂ ಇಲ್ಲದ ಬರಿಯ ಪ್ರೋಟಾನ್ ಉಳಿಯುತ್ತದೆ. ಇತರ ಅಯಾನುಗಳಿಗಿಂತ ಅದು ಅಡ್ಡಳತೆಯಲ್ಲಿ ಸುಮಾರು ಒಂದು ಲಕ್ಷ ಪಟ್ಟು ಚಿಕ್ಕದು. ಅಷ್ಟು ಕಿರಿದಾದ ಜಾಗದಲ್ಲಿ ಒಂದು ಪೂರ್ಣ ಧನಾವೇಶವಿದ್ದರೆ, ಹತ್ತಿರದ ನೀರಿನ ಅಣುವಿನ ಎಲೆಕ್ಟ್ರಾನ್ ಜೋಡಿಯೊಳಕ್ಕೇ ಅದು ಹೊಕ್ಕು ಬಂಧವನ್ನು ಕಟ್ಟಿಕೊಳ್ಳುತ್ತದೆ. ಹೀಗಾಗಿ ನೀರಿನಲ್ಲಿ ಬಿಡಿ ಪ್ರೋಟಾನ್ ಎಂಬುದು ಇಲ್ಲವೇ ಇಲ್ಲ. ಇರುವುದು ಮೂರು ಹೈಡ್ರೋಜನ್, ಒಂದು ಆಕ್ಸಿಜನ್ ಇರುವ ಹೈಡ್ರೋನಿಯಂ ಅಯಾನು ಮತ್ತು ಅದನ್ನು ಸುತ್ತಿಕೊಂಡ ಇನ್ನಷ್ಟು ನೀರು. ಪ್ರೋಟಾನು ಒಂದೇ ಅಣುವಿಗೆ ಅಂಟಿಕೊಂಡೂ ಇರುವುದಿಲ್ಲ, ಪಕ್ಕದ ಅಣುವಿಗೆ, ಅಲ್ಲಿಂದ ಮುಂದಿನದಕ್ಕೆ ದಾಟುತ್ತಲೇ ಇರುತ್ತದೆ. ಸೋಡಿಯಂ ಅಯಾನಿಗಿಂತ ಹೈಡ್ರೋಜನ್ ಅಯಾನು ವಿದ್ಯುತ್ತನ್ನು ಸುಮಾರು ಏಳು ಪಟ್ಟು ಚುರುಕಾಗಿ ಸಾಗಿಸುವುದು ಈ ಕೈದಾಟದಿಂದಲೇ.

ಆಮ್ಲವೆಂದರೆ ಹೈಡ್ರೋಜನ್ ಅಯಾನನ್ನು ಬಿಡುವ ವಸ್ತು ಎಂಬ ವ್ಯಾಖ್ಯೆಗೆ ಇದರಿಂದ ತಿದ್ದುಪಡಿ ಬೇಕಾಯಿತು. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಪ್ರತ್ಯೇಕವಾಗಿ ಸೂಚಿಸಿದಂತೆ, ಆಮ್ಲ ಪ್ರೋಟಾನನ್ನು ಕೊಡುವುದು, ಪ್ರತ್ಯಾಮ್ಲ ಅದನ್ನು ತೆಗೆದುಕೊಳ್ಳುವುದು. ತೆಗೆದುಕೊಳ್ಳುವವರಿಲ್ಲದೆ ಕೊಡುವುದು ನಡೆಯದು. ಹೈಡ್ರೋಜನ್ ಕ್ಲೋರೈಡನ್ನು ಒಣ ಟಾಲೀನ್ ಎಂಬ ಸಾವಯವ ದ್ರವದಲ್ಲಿ ಕರಗಿಸಿದರೆ ಆ ದ್ರಾವಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಒಣ ಲಿಟ್ಮಸ್ ಕಾಗದವನ್ನು ಕೆಂಪಾಗಿಸುವುದೂ ಇಲ್ಲ. ವಸ್ತು ಅದೇ, ಆದರೆ ಪ್ರೋಟಾನನ್ನು ಸ್ವೀಕರಿಸಿ ಖರ್ಚು ತೀರಿಸಲು ಅಲ್ಲಿ ನೀರಿಲ್ಲ. ಆಮ್ಲತ್ವವನ್ನು ಒಂದು ವಸ್ತುವಿನ ಸ್ವಂತ ಗುಣವೆಂದು ಕಲಿಸುವುದಕ್ಕಿಂತ ಈ ಪ್ರಯೋಗವನ್ನು ಒಮ್ಮೆ ತೋರಿಸುವುದು ಮೇಲೆಂದು ನನ್ನ ಅಭಿಪ್ರಾಯ.

ನೀರು ಎಲ್ಲ ಆಮ್ಲಗಳ ಖರ್ಚನ್ನೂ ಇಷ್ಟು ಧಾರಾಳವಾಗಿ ಭರಿಸುವುದಿಲ್ಲ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಪ್ರೋಟಾನ್ ಅದರ ಆಕ್ಸಿಜನ್ನಿಗೆ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಕೊಡುವುದಕ್ಕಿಂತ ಮರಳಿ ಪಡೆಯುವುದೇ ಅಲ್ಲಿ ಸುಲಭ. ಒಂದು ಲೀಟರಿನಲ್ಲಿ 0.1 ಮೋಲ್ ಅಸಿಟಿಕ್ ಆಮ್ಲವಿರುವ ದ್ರಾವಣದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಯಾವುದೇ ಕ್ಷಣದಲ್ಲಿ ಸುಮಾರು 1.3 ಶೇಕಡಾ ಅಣುಗಳು ಮಾತ್ರ ಅಯಾನುಗಳಾಗಿರುತ್ತವೆ. ಇವು ಗುರುತು ಹಾಕಿಟ್ಟ ನಿರ್ದಿಷ್ಟ ಅಣುಗಳೇನೂ ಆಗಿರುವುದಿಲ್ಲ. ಒಡೆಯುವುದೂ ಕೂಡುವುದೂ ಎಡೆಬಿಡದೆ ನಡೆಯುತ್ತ, ಎರಡರ ವೇಗ ಸಮವಾದಲ್ಲಿ ಪ್ರಮಾಣ ನಿಂತಿರುತ್ತದೆ. ದುರ್ಬಲ ಆಮ್ಲವೆಂಬ ಮಾತಿಗೆ ಇಷ್ಟೇ ಅರ್ಥ, ಅಪಾಯವಿಲ್ಲದ ಆಮ್ಲ ಎಂದಲ್ಲ. ಹೈಡ್ರೋಫ್ಲೋರಿಕ್ ಆಮ್ಲ ಈ ಲೆಕ್ಕದಲ್ಲಿ ದುರ್ಬಲವೇ, ಆದರೆ ಅದು ಗಾಜನ್ನು ತಿನ್ನುತ್ತದೆ, ಚರ್ಮದ ಮೂಲಕ ಒಳಗಿಳಿದು ಪ್ರಾಣಕ್ಕೇ ಎರವಾಗಬಲ್ಲದು.

ದುರ್ಬಲ ಆಮ್ಲಕ್ಕೆ ನೀರು ಬೆರೆಸುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಜರ್ಮನ್ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಆಸ್ಟ್‌ವಾಲ್ಡ್ 1888ರಲ್ಲಿ ನಿಯಮವಾಗಿ ಬರೆದರು. ಮೇಲಿನ ಅಸಿಟಿಕ್ ಆಮ್ಲವನ್ನು ಹತ್ತು ಪಟ್ಟು ತೆಳುವಾಗಿಸಿದರೆ ಅಯಾನೀಕರಣಗೊಂಡ ಪಾಲು 1.3 ಶೇಕಡಾದಿಂದ 4.2ಕ್ಕೆ, ನೂರು ಪಟ್ಟು ತೆಳುವಾಗಿಸಿದರೆ ಸುಮಾರು 12.5ಕ್ಕೆ ಏರುತ್ತದೆ. ಕಾರಣ ಸರಳ: ಒಂದು ಅಣು ಒಡೆಯಲು ಜೊತೆಗೆ ಇನ್ನೊಂದು ಆಮ್ಲದ ಅಣು ಬೇಕಾಗಿಲ್ಲ, ಸುತ್ತ ನೀರಿದ್ದರೆ ಸಾಕು, ಆದರೆ ಒಡೆದ ಎರಡು ಅಯಾನುಗಳು ಕೂಡಬೇಕಾದರೆ ಅವು ಒಂದನ್ನೊಂದು ಸಂಧಿಸಲೇಬೇಕು. ಜಾಗ ಹೆಚ್ಚಿದಷ್ಟೂ ಭೇಟಿ ಅಪರೂಪವಾಗುತ್ತದೆ, ಒಡೆಯುವ ವೇಗ ಮಾತ್ರ ಹಾಗೆಯೇ ಇರುತ್ತದೆ. ತೆಳುವಾದಷ್ಟೂ ಆಮ್ಲ ಹುಳಿಯಾಗುತ್ತದೆ ಎಂದು ಇದನ್ನು ತಪ್ಪಾಗಿ ಓದಬಾರದು, ಏಕೆಂದರೆ ಪಾಲು ಸುಮಾರು ಹತ್ತು ಪಟ್ಟು ಏರಿದರೂ ಒಟ್ಟು ಆಮ್ಲ ನೂರು ಪಟ್ಟು ಇಳಿದಿದೆ. ಈ ನಿಯಮವನ್ನು ನೆನಪಿಟ್ಟುಕೊಂಡಿರಬೇಕೆಂದು ಕೋರುತ್ತೇನೆ, ಮುಂದೆ ಅದು ಅನಿರೀಕ್ಷಿತ ಜಾಗದಲ್ಲಿ ಎದುರಾಗಲಿದೆ.

ಒಂದಕ್ಕಿಂತ ಹೆಚ್ಚು ಪ್ರೋಟಾನುಗಳನ್ನು ಕೊಡಬಲ್ಲ ಆಮ್ಲಗಳಲ್ಲಿ ಮೆಗ್ನೀಸಿಯಂನ ಕಥೆಯೇ ಮರುಕಳಿಸುತ್ತದೆ. ಫಾಸ್ಫಾರಿಕ್ ಆಮ್ಲ ತನ್ನ ಮೊದಲ ಪ್ರೋಟಾನನ್ನು ಬಿಡುವುದಕ್ಕಿಂತ ಎರಡನೆಯದನ್ನು ಬಿಡುವುದು ಸುಮಾರು ಒಂದು ಲಕ್ಷ ಪಟ್ಟು ಕಷ್ಟ, ಮೂರನೆಯದು ಅದಕ್ಕಿಂತಲೂ ಮತ್ತೆ ಒಂದು ಲಕ್ಷಕ್ಕೂ ಹೆಚ್ಚು ಪಟ್ಟು ಕಷ್ಟ. ಋಣಾವೇಶ ಪಡೆದುಬಿಟ್ಟ ಕಣದಿಂದ ಧನಾವೇಶವನ್ನು ಎಳೆಯುವುದು ಪ್ರತಿ ಹಂತದಲ್ಲೂ ದುಬಾರಿಯಾಗುತ್ತ ಹೋಗುತ್ತದೆ. ಸಲ್ಫ್ಯೂರಿಕ್ ಆಮ್ಲವೂ ಮೊದಲ ಪ್ರೋಟಾನನ್ನು ನೀರಿನಲ್ಲಿ ಪೂರ್ತಿಯಾಗಿ, ಎರಡನೆಯದನ್ನು ಭಾಗಶಃ ಬಿಡುತ್ತದೆ.

ಪ್ರತ್ಯಾಮ್ಲಗಳಲ್ಲಿ ಎರಡು ದಾರಿಗಳಿವೆ. ಸೋಡಿಯಂ ಹೈಡ್ರಾಕ್ಸೈಡ್ ಉಪ್ಪಿನಂತೆ ಹರಳಿನಲ್ಲೇ ಅಯಾನುಗಳನ್ನು ಹೊಂದಿರುವುದರಿಂದ ನೀರು ಅದನ್ನು ಬಿಡಿಸಿದರೆ ಮುಗಿಯಿತು. ಅಮೋನಿಯಾದಲ್ಲಿ ಕೊಡಲು ಹೈಡ್ರಾಕ್ಸೈಡ್ ಇಲ್ಲವೇ ಇಲ್ಲ. ಅದು ತನ್ನ ಸಾರಜನಕದ ಮೇಲಿರುವ ಒಂಟಿ ಎಲೆಕ್ಟ್ರಾನ್ ಜೋಡಿಯಿಂದ ನೀರಿನದೇ ಒಂದು ಪ್ರೋಟಾನನ್ನು ಸೆಳೆದುಕೊಂಡು ಅಮೋನಿಯಂ ಅಯಾನಾಗುತ್ತದೆ, ಪ್ರೋಟಾನ್ ಕಳೆದುಕೊಂಡ ನೀರು ಹೈಡ್ರಾಕ್ಸೈಡ್ ಆಗಿ ಉಳಿಯುತ್ತದೆ. ಆಮ್ಲದೆದುರು ಪ್ರತ್ಯಾಮ್ಲವಾಗಿ ವರ್ತಿಸಿದ ನೀರು ಅಮೋನಿಯಾದೆದುರು ಆಮ್ಲವಾಗಿ ವರ್ತಿಸುತ್ತದೆ. ಇಲ್ಲೂ 0.1 ಮೋಲ್ ದ್ರಾವಣದಲ್ಲಿ ಅಯಾನುಗಳಾಗುವ ಪಾಲು ಸುಮಾರು 1.3 ಶೇಕಡಾವೇ, ಅಸಿಟಿಕ್ ಆಮ್ಲದ ಸಂಖ್ಯೆಗೆ ಇದು ಸರಿಹೊಂದುವುದು ಕೇವಲ ಆಕಸ್ಮಿಕ.

ಅಯಾನೀಕರಣ ಕಣ್ಣಿಗೆ ಕಾಣುವುದಿಲ್ಲ ಎನ್ನುವವರು ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಓಕುಳಿ ಕದಡುವುದನ್ನು ನೋಡಿರಬೇಕು. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಎರಡು ಗ್ರಾಂಗಿಂತ ಕಡಿಮೆ, ಆದರೆ ಕರಗಿದಷ್ಟೂ ಬಹುಮಟ್ಟಿಗೆ ಅಯಾನುಗಳಾಗುವುದರಿಂದ ಆ ತಿಳಿನೀರಿನ ಪಿಎಚ್ (ಆಮ್ಲ-ಪ್ರತ್ಯಾಮ್ಲಗಳ ಅಳತೆ; ಸಂಖ್ಯೆ ಏರಿದಷ್ಟೂ ಪ್ರತ್ಯಾಮ್ಲೀಯ, ಇಳಿದಷ್ಟೂ ಆಮ್ಲೀಯ) 12ನ್ನು ದಾಟುತ್ತದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಸ್ವತಃ ಒಂದು ಬಹು ದುರ್ಬಲವಾದ ಆಮ್ಲ. ಸುಣ್ಣದ ಹೈಡ್ರಾಕ್ಸೈಡ್ ಅಯಾನುಗಳು ಅದರಿಂದ ಪ್ರೋಟಾನನ್ನು ಕಸಿದಾಗ, ಉಳಿದ ಋಣಾವೇಶ ಆ ಉದ್ದನೆಯ ಅಣುವಿನ ತುಂಬ ಹರಡಿಕೊಳ್ಳುತ್ತದೆ, ಅದು ಹೀರುವ ಬೆಳಕಿನ ಬಣ್ಣ ಬದಲಾಗುತ್ತದೆ, ಹಳದಿ ಹೋಗಿ ಕೆಂಪು ಬರುತ್ತದೆ. ಸಾಕಷ್ಟು ನಿಂಬೆರಸ ಹಿಂಡಿದರೆ ಕಳೆದುಹೋದ ಪ್ರೋಟಾನ್ ಮರಳಿ ಸಿಕ್ಕಿ ಹಳದಿ ವಾಪಸಾಗುತ್ತದೆ.

ಏನನ್ನೂ ಬೆರೆಸದ ಶುದ್ಧ ನೀರಿನಲ್ಲೂ ಒಂದು ಅಣು ಇನ್ನೊಂದಕ್ಕೆ ಪ್ರೋಟಾನ್ ಕೊಡುವುದು ನಡೆದೇ ಇರುತ್ತದೆ, ಆದರೆ 25 ಡಿಗ್ರಿಯಲ್ಲಿ ಸುಮಾರು 55 ಕೋಟಿ ಅಣುಗಳಿಗೆ ಒಂದು ಹೈಡ್ರೋನಿಯಂನ ಪ್ರಮಾಣದಲ್ಲಿ ಮಾತ್ರ. ಪಿಎಚ್ 7 ತಟಸ್ಥ ಎಂಬ ಮಾತು ಬಂದದ್ದು ಈ ಸಂಖ್ಯೆಯಿಂದ. ನೀರನ್ನು ಬಿಸಿ ಮಾಡಿದರೆ ಖರ್ಚಿಗೆ ಸ್ವಲ್ಪ ಹೆಚ್ಚಿನ ಹಣ ಸಿಕ್ಕಂತಾಗಿ ಅಯಾನುಗಳು ಹೆಚ್ಚುತ್ತವೆ. 60 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.5. ಆ ನೀರು ಆಮ್ಲೀಯವಾಗಿಲ್ಲ, ಹೈಡ್ರೋನಿಯಂನಷ್ಟೇ ಹೈಡ್ರಾಕ್ಸೈಡೂ ಅದರಲ್ಲಿದೆ.

ಇನ್ನು ಆ ಅನಿರೀಕ್ಷಿತ ಜಾಗ. ಸೂರ್ಯನ ಹೊರವಲಯದ ರೋಹಿತದಲ್ಲಿ, ಅಂದರೆ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿ, ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂನ ಗುರುತಿನ ರೇಖೆಗಳು ಬಹು ಪ್ರಬಲವಾಗಿ ಕಾಣುತ್ತವೆ, ಮತ್ತು ವರ್ಣಗೋಳವೆಂಬ ಆ ಹೊರವಲಯದ ಎತ್ತರದ ಪದರಗಳಲ್ಲಿ, ಅನಿಲ ವಿರಳವಾಗಿರುವ ಕಡೆ, ಅವು ಇನ್ನೂ ಎದ್ದು ಕಾಣುತ್ತವೆ. ಅಲ್ಲಿ ಖರ್ಚು ತೀರಿಸಲು ನೀರಿಲ್ಲ, ಹರಳಿಲ್ಲ, ಶಾಖವೊಂದೇ ಇದೆ. ಸೂರ್ಯನ ಮೇಲ್ಮೈಯ ಸುಮಾರು 5800 ಕೆಲ್ವಿನ್ ತಾಪದಲ್ಲಿ ಕಣಗಳ ಸರಾಸರಿ ಚಲನಶಕ್ತಿ ಒಂದು ಮೋಲ್‌ಗೆ ಸುಮಾರು 72 ಕಿಲೋಜೂಲ್, ಕ್ಯಾಲ್ಸಿಯಂನ ಮೊದಲ ಅಯಾನೀಕರಣಕ್ಕೆ ಬೇಕಾದದ್ದು 590. ಸರಾಸರಿಗಿಂತ ಬಹಳ ಹೆಚ್ಚು ಶಕ್ತಿಯಿರುವ ಕೆಲವೇ ಕಣಗಳು ಮತ್ತು ಫೋಟಾನುಗಳು (ಬೆಳಕಿನ ಕಣಗಳು) ಈ ಕೆಲಸವನ್ನು ಮಾಡಬಲ್ಲವು. ಹಾಗಿದ್ದೂ ಕ್ಯಾಲ್ಸಿಯಂನ ಬಹುಪಾಲು ಅಯಾನುಗಳಾಗಿರುವುದು ಹೇಗೆ?

1920ರಲ್ಲಿ, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಮೇಘನಾದ ಸಹಾ ಈ ಪ್ರಶ್ನೆಗೆ ಉತ್ತರ ಕಂಡದ್ದು ಖಗೋಳವಿಜ್ಞಾನವನ್ನು ರಸಾಯನಶಾಸ್ತ್ರವಾಗಿ ನೋಡುವ ಮೂಲಕ. ಕ್ಯಾಲ್ಸಿಯಂ ಪರಮಾಣು ಕ್ಯಾಲ್ಸಿಯಂ ಅಯಾನು ಮತ್ತು ಎಲೆಕ್ಟ್ರಾನಾಗಿ ಒಡೆಯುವುದನ್ನು ಅವರು ಒಂದು ಸಾಮಾನ್ಯ ರಾಸಾಯನಿಕ ಸಮಸ್ಥಿತಿಯಂತೆ (ಒಡೆಯುವ ಮತ್ತು ಕೂಡುವ ವೇಗಗಳು ಸಮವಾಗಿ ನಿಂತ ಸ್ಥಿತಿ) ಭಾವಿಸಿ, ಅಯಾನೀಕರಣ ಶಕ್ತಿಯನ್ನು ಆ ಕ್ರಿಯೆಯ ಶಾಖವೆಂದು ತೆಗೆದುಕೊಂಡು ಸಮೀಕರಣ ಬರೆದರು. ಅದರ ರೂಪ ಆಸ್ಟ್‌ವಾಲ್ಡ್‌ರ ತೆಳುಗೊಳಿಸುವ ನಿಯಮದ್ದೇ; ದ್ರಾವಣದ ಸಾರತೆ ಇದ್ದ ಜಾಗದಲ್ಲಿ ಅನಿಲದ ಒತ್ತಡ ಬಂದಿದೆ. ವಿರಳ ಅನಿಲದಲ್ಲಿ ಒಮ್ಮೆ ಹಾರಿಹೋದ ಎಲೆಕ್ಟ್ರಾನಿಗೆ ಮತ್ತೊಂದು ಅಯಾನು ಸಿಗುವುದೇ ಅಪರೂಪವಾದ್ದರಿಂದ, ಒಡೆಯುವುದು ಅಪರೂಪವಾದರೂ ಒಡೆದವು ಒಡೆದೇ ಉಳಿಯುತ್ತವೆ. ಎತ್ತರಕ್ಕೆ ಹೋದಂತೆ ಅಯಾನಿನ ರೇಖೆಗಳು ಎದ್ದು ಕಾಣುವುದು, ನೀರು ಬೆರೆಸಿದಂತೆ ಅಸಿಟಿಕ್ ಆಮ್ಲದ ಅಯಾನೀಕರಣ ಹೆಚ್ಚುವುದು, ಎರಡಕ್ಕೂ ಕಾರಣ ಒಂದೇ.

ಅದೇ ಸಮೀಕರಣ ಇನ್ನೊಂದು ಒಗಟನ್ನೂ ಬಿಡಿಸಿತು. ಭೂಮಿಯ ಮೇಲೆ ಇರುವ ರುಬಿಡಿಯಂ ಸೂರ್ಯನ ರೋಹಿತದಲ್ಲಿ ಆಗ ಕಂಡುಬಂದಿರಲಿಲ್ಲ. ಅದರ ಅಯಾನೀಕರಣಕ್ಕೆ ಒಂದು ಮೋಲ್‌ಗೆ 403 ಕಿಲೋಜೂಲ್ ಸಾಕಾದ್ದರಿಂದ ಅಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಅಯಾನುಗಳಾಗಿದೆ, ನಾವು ಹುಡುಕುತ್ತಿರುವುದು ಮಾತ್ರ ಪರಮಾಣುವಿನ ರೇಖೆಗಳನ್ನು, ತಾಪ ಕಡಿಮೆಯಿರುವ ಸೌರಕಲೆಗಳಲ್ಲಿ ನೋಡಿದರೆ ಅವು ಸಿಗಬಹುದು ಎಂಬುದು ಸಹಾ ಅವರ ತರ್ಕವಾಗಿತ್ತು. ಕೆಲವೇ ಕಾಲದಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಸೌರಕಲೆಯ ರೋಹಿತಗಳನ್ನು ಪರಿಶೀಲಿಸಿ ರುಬಿಡಿಯಂನ ರೇಖೆಗಳನ್ನು ಗುರುತಿಸಿದರು.